ಹುಬ್ಬಳ್ಳಿಗೆಂದು ಹೊರಟ ಕಮಲಿ

ಕಮಲಿಯನ್ನು ನಾನು ಮೊದಲು ಕಂಡದ್ದು ೧೯೫೭ರ ಶ್ರಾವಣದಲ್ಲಿ, ಕಾಗಾಲದ ಶಾಲೆಯ ಜಗಲಿಯ ಮೇಲೆ. ಒಣಮೀನಿನ ಬುಟ್ಟಿಯನ್ನು ಹೊರಗೇ ಇಳಿಸಿ, ಸೆರಗಿನ ಗಂಟಿನಿಂದ ಒಂದು ಕಾರ್ಡು ತೆಗೆದು ನನ್ನ ಮುಂದೆ ಹಿಡಿದಳು. ನಾನು ಓದಿ ಮುಗಿಸಿದೆ. ಅವಳು ಹಿಂದೆ ಮುಂದೆ ನೋಡಿ ಹತ್ತಿರ ಬಂದಳು.

“ಇನ್ನೊಂದು ಸಲ ಓದಿ, ಮಾಸ್ತರೆ. ಗಟ್ಟಿಯಾಗಿ ಬೇಡ.”

ಕಾರ್ಡು ಮುಂಬಯಿಯ ಗಿರಣಿಯಲ್ಲಿ ಕೆಲಸಕ್ಕಿದ್ದ ಊರಿನ ಮಾಬ್ಲನದು. ಬಂದರಿನಲ್ಲಿ ಬಲೆ ಹೆಣೆಯುವ ಮುದುಕರ ನಡುವೆ ಕಮಲಿಯ ಅಪ್ಪ ಶುಕ್ರನನ್ನು ಕಂಡೆನೆಂದು ಬರೆದಿದ್ದ. ಚೌತಿಗೆ ಊರಿಗೆ ಬರುವೆ, ಹಿಂದಿರುಗುವಾಗ ನನ್ನ ಜೊತೆ ಬಾ, ಮಾದಕ್ಕನಿಗೆ ಈಗಲೇ ಹೇಳಬೇಡ ಎಂದೂ ಸೇರಿಸಿದ್ದ.

ಮಾದಿ ಕಮಲಿಯ ತಾಯಿ. ಶುಕ್ರ ಮಚ್ವೆಯ ತಾಂಡೇಲನಾಗಿದ್ದ. ಹಂಚು ತುಂಬಿದ ಹಾಯಿದೋಣಿಯನ್ನು ಮುಂಬಯಿಗೆ ನಡೆಸುತ್ತಿದ್ದ. ಒಂಬತ್ತು ವರ್ಷದ ಹಿಂದೆ, ಮಳೆಗಾಲ ಹಿಡಿಯುವ ಹೊತ್ತಿಗೆ, ಆ ಮಚ್ವೆ ರತ್ನಾಗಿರಿಯ ಆಚೆ ಮುಳುಗಿತು. ನಾಲ್ವರಲ್ಲಿ ಒಬ್ಬರ ಹೆಣವೂ ಸಿಗಲಿಲ್ಲ. ಹೆಣ ಸಿಗದವರಿಗೆ ಮಾಡುವಂತೆ ದರ್ಭೆಯ ಗೊಂಬೆಗಳನ್ನು ಕಟ್ಟಿ ಸುಟ್ಟರು. ಒಂದೇ ದಿನ ಮಾದಿಯ ಬಳೆ ಒಡೆದರು, ನೆರೆಮನೆಯ ತಿಮ್ಮಕ್ಕನ ಬಳೆಯನ್ನೂ ಒಡೆದರು. ತಿಮ್ಮಕ್ಕನ ಗಂಡ ಮಾಸ್ತಿ ಅದೇ ಮಚ್ವೆಯಲ್ಲಿದ್ದವನು. ಅಂದಿನಿಂದ ಇಬ್ಬರೂ ಒಟ್ಟಿಗೆ ಬುಟ್ಟಿ ಹೊತ್ತು ಕುಮಟೆಯ ಪೇಟೆಗೆ ಹೋಗುವುದು, ಒಂದೇ ಗೋಣಿಯ ಮೇಲೆ ಕೂತು ಮಾರುವುದು.

ಅಪ್ಪನನ್ನು ಕರೆತಂದು ಅಬ್ಬೆಯ ಹಣೆಗೆ ಮತ್ತೆ ಕುಂಕುಮ ಇಡಿಸಬೇಕು. ಕಮಲಿಗೆ ಇದ್ದದ್ದು ಅದೊಂದೇ ಆಸೆ.

ಹುಬ್ಬಳ್ಳಿಯ ಒಣಮೀನಿನ ಸಾವ್ಕಾರನನ್ನು ಕಂಡು ಬರುತ್ತೇನೆಂದು ತಾಯಿಗೆ ಹೇಳಿ, ಗಂಡ ವೆಂಕಟನಿಗೆ ಮಾತ್ರ ನಿಜ ತಿಳಿಸಿ, ಚೌತಿ ಕಳೆದ ಮೇಲೆ ಮಾಬ್ಲನ ಜೊತೆ ಹೊರಟಳು. ಹುಬ್ಬಳ್ಳಿಯವರೆಗೆ ಮೋಟಾರು, ಅಲ್ಲಿಂದ ರೈಲು. ಅವಳು ರೈಲು ಕಂಡದ್ದೇ ಅಂದು. ಗಾಡಿ ಹೊರಟೊಡನೆ ಎದುರಿನ ಮುದುಕಿ ಮೂಗಿಗೆ ಸೆರಗು ಒತ್ತಿಕೊಂಡಳು.

“ಏನವ್ವಾ ಗಂಟಿನಾಗ?”

“ಒಣ ಸಿಗಡಿ. ಅಪ್ಪನಿಗೆ.”

“ನಿಮ್ಮಪ್ಪ ವಾಸನಿ ಹಿಡಿದೇ ಟೇಸನಕ್ಕ ಬರತಾನ ಬಿಡು.”

ಮಾಬ್ಲ ನಕ್ಕ. ಕಮಲಿಗೆ ನಗು ಬರಲಿಲ್ಲ. ಒಂಬತ್ತು ವರ್ಷ ಎಡೆಯಿಟ್ಟು ಕಾಗೆ ಕರೆದ ಅಪ್ಪನಿಗೆ ಈಗ ಬುತ್ತಿ ಒಯ್ಯುತ್ತಿದ್ದಳು. ಪುಣೆಯಲ್ಲಿ ಗಾಡಿ ಬದಲಿಸಿದರು. ಕಿಟಕಿಯ ಹೊರಗೆ ಮಳೆ ಬಿಡದೆ ಸುರಿಯುತ್ತಿತ್ತು.

ಬಂದರಿನ ತಗಡಿನ ಮಾಡಿನ ಕೆಳಗೆ ಶುಕ್ರ ಒಂದು ಕಾಲು ನೀಡಿ ಬಲೆಯ ಹರಕು ಹೊಲಿಯುತ್ತಿದ್ದ. ಆ ಕಾಲು ಮಡಚುತ್ತಿರಲಿಲ್ಲ. ತಲೆಯೆತ್ತಿ, “ಯಾರ ಮಗಳು ನೀನು?” ಎಂದ.

“ಸತ್ತವನ ಮಗಳು,” ಎಂದಳು ಕಮಲಿ.

ಅವನ ಕೈಯ ಸೂಜಿ ನಿಂತಿತು. “ಕಮಲಿ,” ಎಂದು ಬಲೆಯನ್ನು ಬದಿಗೆ ಸರಿಸಿ ಅವಳಿಗೆ ಜಾಗ ಮಾಡಿದ.

ಅವನ ಖೋಲಿಯಲ್ಲಿ ಒಂದು ವಾರ ಇದ್ದಳು. ಸ್ಟೋವಿನ ಮೇಲೆ ಗಂಜಿ ಬೇಯಿಸಿದಳು, ಸಿಗಡಿಯ ಚಟ್ನಿ ಅರೆದಳು, ಅಂಗಿ ಒಗೆದಳು. ಅವನು ಊರಿನ ಒಂದೊಂದೇ ಮನೆಯನ್ನು ಕೇಳಿದ. ತಿಮ್ಮಕ್ಕನ ಮನೆಯನ್ನು ಮಾತ್ರ ದಾಟಿ ಹೋದ. ಆರನೆಯ ದಿನ ಕಮಲಿ ಟಿಕೀಟಿನ ಮಾತು ತೆಗೆದಳು.

“ನಾಳೆ ಹೊರಡುದು. ನಾವಿಬ್ಬರೂ.”

“ನನ್ನ ದಿನ ಮಾಡಿದ್ರಾ?”

“ಗೊಂಬೆ ಸುಟ್ಟರು. ನೀನು ಬಂದ್ರೆ ಅದಕ್ಕೆ ಎಂತದೋ ಶುದ್ಧ ಮಾಡ್ತ್ರು. ಕೇರಿಯ ಹಿರಿಯ ಬುಧವಂತ ಹೇಳಿದ್ರೆ ಆತು.”

ಶುಕ್ರ ತಲೆಯಾಡಿಸಿದ. “ಮಳೆಗಾಲ ಬಂತು ಅಂತ ಎಲ್ಲರೂ ದೋಣಿ ದಡಕ್ಕೆ ಎಳೆದಾಗಿತ್ತು, ಮಗಾ. ಮಾಸ್ತಿ ಬರುದಿಲ್ಲ ಅಂದ. ಹೆಂಗಸಿನ ಹಾಗೆ ಒಲೆ ಮುಂದೆ ಕೂರು ಅಂತ ನಾನೇ ಹಂಗಿಸಿದೆ. ಅದಕ್ಕೇ ಬಂದ. ಮೂವರೂ ನನ್ನ ಮಾತಿಗೆ ಬಂದವರು. ಹಲಗೆ ಹಿಡಿದು ಉಳಿದವ ನಾನೊಬ್ಬ.”

“ಅಬ್ಬೆ ಒಂಬತ್ತು ವರ್ಷ ಬೋಳು ಹಣೆಯಲ್ಲಿದ್ದಾಳೆ.”

“ನಾನು ಬಂದ್ರೆ ನಿನ್ನ ಅಬ್ಬೆಗೆ ಬಳೆ ಸಿಗ್ತದೆ. ತಿಮ್ಮಕ್ಕಗೆ ಎಂತ ಕೊಡ್ಲಿ?”

ಮರುದಿನ ಮಾಬ್ಲ ಅವಳೊಬ್ಬಳನ್ನೇ ರೈಲಿಗೆ ಹತ್ತಿಸಿದ. ಹೆಂಗಸರ ಡಬ್ಬಿಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತು ಬಂದಳು.

“ಸಾವ್ಕಾರ ಎಂತ ಹೇಳ್ದ?” ಎಂದು ಮಾದಿ ಕೇಳಿದಳು.

“ಆಗುದಿಲ್ಲ ಅಂದ.”

“ಹಾಳಾಗಿ ಹೋಗ್ಲಿ. ನಮ್ಮ ಪೇಟೆ ನಮಗುಂಟು,” ಎಂದು ಮಾದಿ ತಿಮ್ಮಕ್ಕನನ್ನು ಕೂಗಿ ಬುಟ್ಟಿ ಎತ್ತಿಕೊಂಡಳು. ಒಟ್ಟಿಗೆ ಹೋಗುವ ಅವರಿಬ್ಬರ ಬೆನ್ನನ್ನು ನೋಡುತ್ತ ಕಮಲಿ ನಿಜವನ್ನು ಒಳಗೇ ಇಟ್ಟುಕೊಂಡಳು. ಆಮೇಲೆ ಪ್ರತಿ ಆಷಾಢದಲ್ಲೂ ಬೇರೆ ಸಾವ್ಕಾರನ ನೆಪದಲ್ಲಿ ಒಂದು ವಾರ ಅಪ್ಪನ ಬಳಿಗೆ ಅವಳ ಹುಬ್ಬಳ್ಳಿ ಪ್ರಯಾಣ ನಡೆಯಿತು. ಮಾದಿ ಎಂದೂ ಹೆಚ್ಚು ಕೇಳಲಿಲ್ಲ.

೧೯೬೫ರ ಮಾಘದಲ್ಲಿ ಮಾದಿ ಜ್ವರದಿಂದ ತೀರಿಕೊಂಡಳು. ಹೆಣವನ್ನು ಮೀಯಿಸಿ ಬರಿಯ ಬಿಳಿ ಬಟ್ಟೆ ಹೊದಿಸಿದರು. ಗಂಡನಿರುವಾಗ ಹೋದವಳನ್ನಾದರೆ ಹಸಿರು ಬಳೆ, ಹೂವು, ಕುಂಕುಮವಿಟ್ಟು ಕಳಿಸುತ್ತಾರೆ. ಕಮಲಿ ನೋಡುವಷ್ಟು ನೋಡಿದಳು. ಒಳಗೆ ಹೋಗಿ ತನ್ನ ಕುಂಕುಮದ ಕರಡಿಗೆ ತಂದು, ತಾಯಿಯ ಹಣೆಗೆ ಅಗಲವಾಗಿ ಹಚ್ಚಿದಳು. ತಿಮ್ಮಕ್ಕ ಅವಳ ಕೈ ಹಿಡಿದಳು.

“ಎಂತ ಮಾಡ್ತೆ ನೀನು? ತಲೆ ಕೆಟ್ಟಿತೇ?”

“ಅಪ್ಪ ಇದ್ದಾನೆ, ತಿಮ್ಮಕ್ಕ. ಮುಂಬಯಿಯಲ್ಲಿ.”

“ಎಷ್ಟು ವರ್ಷ ಆತು ನಿನಗೆ ಗೊತ್ತಾಗಿ?” ಎಂದಳು ತಿಮ್ಮಕ್ಕ.

“ಎಂಟು.”

ತಿಮ್ಮಕ್ಕ ಕೈ ಬಿಟ್ಟಳು. ಎದ್ದು ಹಿಂದಿನ ಬಾಗಿಲಿನಿಂದ ಮನೆಗೆ ಹೋದಳು. ಹೆಣ ಎತ್ತುವಾಗಲೂ ಬರಲಿಲ್ಲ.

ಈಗ ಕಮಲಿ ಕುಮಟೆಯ ಮೀನುಪೇಟೆಯಲ್ಲಿ ತಾಯಿಯ ಜಾಗದಲ್ಲಿ ಕೂರುತ್ತಾಳೆ. ತಿಮ್ಮಕ್ಕ ಗೋಣಿಯನ್ನು ಎದುರು ಸಾಲಿಗೆ ಹಾಕಿಕೊಂಡಿದ್ದಾಳೆ. ನಾಲ್ಕು ವರ್ಷದಿಂದ ಇಬ್ಬರ ನಡುವೆ ಮಾತಿಲ್ಲ. ದೋಣಿಗಳನ್ನು ದಡಕ್ಕೆ ಎಳೆದ ಮೇಲೆ ಕಮಲಿ ಗಂಟು ಕಟ್ಟುತ್ತಾಳೆ. ಈಗ ಎಲ್ಲಿಗೆಂದು ಯಾರಿಗೂ ಸುಳ್ಳು ಹೇಳಬೇಕಾಗಿಲ್ಲ. ಶುಕ್ರನ ಕಣ್ಣು ಮಂಜಾಗಿದೆ, ಬಲೆಯ ಕೆಲಸ ಬಿಟ್ಟಿದ್ದಾನೆ. ಊರಿಗೆ ಬಾ ಎಂದು ಅವಳೂ ಕರೆಯುವುದಿಲ್ಲ. ವಾರವಿಡೀ ಊರಿನ ಮಾತು ಕೇಳಿ ಕೇಳಿ, ಹೊರಡುವ ದಿನ ಮಾತ್ರ ಅವನು, “ತಿಮ್ಮಕ್ಕ ಹೇಗಿದ್ದಾಳೆ?” ಎನ್ನುತ್ತಾನೆ. “ಸೌಖ್ಯ. ನನ್ನ ಸಂಗಡವೇ ಕೂತು ಮಾರ್ತಾಳೆ,” ಎಂದು ಹೇಳಿ ಕಮಲಿ ಸ್ಟೇಷನ್ನಿಗೆ ನಡೆಯುತ್ತಾಳೆ.