ಸೇಸಮ್ಮ ಹಿಡಿದ ಹಗ್ಗ

ವಾಮದಪದವಿನ ಸುತ್ತಮುತ್ತಲಿನ ಬಾವಿಗಳಲ್ಲಿ ಅರ್ಧದಷ್ಟನ್ನಾದರೂ ತೋಡಿದವನು ಡೊಂಬಯ್ಯ. ಹೊಂಡಕ್ಕೆ ಇಳಿಯಲು ಅವನಷ್ಟು ಹೆದರುವ ಇನ್ನೊಬ್ಬನನ್ನು ನಾನು ಕಂಡಿಲ್ಲ. ಇಳಿಯುವ ದಿನ ಬೆಳಿಗ್ಗೆ ಗಂಜಿ ಅವನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಬೇರೆ ಕೆಲಸ ನೋಡಬಾರದೇ ಎಂದು ಯಾರಾದರೂ ಕೇಳಿದರೆ, ತನಗೆ ಬರುವುದು ಇದೊಂದೇ ಎನ್ನುತ್ತಿದ್ದ. ಹೆದರಿಕೆಯನ್ನು ಅವನು ಮುಚ್ಚಿಟ್ಟವನಲ್ಲ.

ಅದಕ್ಕೆ ಕಾರಣವಿತ್ತು. ಅವನ ಅಣ್ಣ ನೋಣಯ್ಯ ಮುಂಡಾಜೆಯಲ್ಲಿ ಬಾವಿ ತೋಡುತ್ತಿದ್ದಾಗ ಮೇಲಿನಿಂದ ಕಲ್ಲು ಜಾರಿತು. ದಡದಲ್ಲಿದ್ದವರೆಲ್ಲ ಒಟ್ಟಾಗಿ ಅವನ ಹೆಸರು ಹಿಡಿದು ಕೂಗಿದರು. ಬದಿಗೆ ಸರಿಯಬೇಕಾಗಿದ್ದ ನೋಣಯ್ಯ ಕರೆದವರು ಯಾರೆಂದು ತಲೆಯೆತ್ತಿ ನೋಡುತ್ತ ನಿಂತ, ಕಲ್ಲಿನಡಿ ಸಿಕ್ಕಿ ಸತ್ತ. ಆಮೇಲೆ ಆ ಮನೆಯಲ್ಲಿ ಒಂದು ಕಟ್ಟಳೆಯಾಯಿತು. ಹೊಂಡದಲ್ಲಿರುವವನನ್ನು ಮೇಲಿನಿಂದ ಕರೆಯಬಾರದು. ಮಾತೇನಿದ್ದರೂ ಹಗ್ಗ ಆಡಬೇಕು.

ಹಗ್ಗ ಹಿಡಿಯುವವಳು ಅವನ ಹೆಂಡತಿ ಸೇಸಮ್ಮ. ಬೇರೆಯವರ ಕೈಗೆ ಅವನು ಅದನ್ನು ಕೊಟ್ಟದ್ದಿಲ್ಲ. ತೆಂಗಿನ ನಾರಿನ ಹಗ್ಗವನ್ನು ಅವನ ಸೊಂಟಕ್ಕೆ ಎರಡು ಸುತ್ತು ಸುತ್ತಿ, ಗಂಟನ್ನು ಬೆನ್ನಿನ ಹಿಂದೆ ಹಾಕುತ್ತಿದ್ದಳು. ಗಾಬರಿಯಲ್ಲಿ ಅವನ ಕೈ ಗಂಟಿಗೆ ಹೋಗಬಾರದೆಂದು ಹಾಗೆ. ಅವಳು ಒಮ್ಮೆ ಜಗ್ಗಿದರೆ ಹೇಗಿದ್ದೀರಿ ಎಂದು ಕೇಳಿದಂತೆ. ಅವನು ಒಮ್ಮೆ ಜಗ್ಗಿದರೆ ಇದ್ದೇನೆ ಎಂದಂತೆ. ಇಡೀ ದಿನ ಇದೇ ನಡೆಯುತ್ತಿತ್ತು. ಹಗ್ಗ ಕೈಯಲ್ಲಿದ್ದಷ್ಟು ಹೊತ್ತು ಸೇಸಮ್ಮ ಯಾರೊಡನೆಯೂ ಮಾತಾಡುತ್ತಿರಲಿಲ್ಲ, ವೀಳ್ಯವನ್ನೂ ಹಾಕುತ್ತಿರಲಿಲ್ಲ.

ಸಾವಿರದ ಒಂಬೈನೂರ ಅರವತ್ತೊಂದರ ಬೇಸಿಗೆಯಲ್ಲಿ ಈ ಇಬ್ಬರು ಪದ್ಮಯ್ಯನವರ ಕೆಲಸಕ್ಕೆ ಬಂದರು. ಪದ್ಮಯ್ಯನವರು ಮೂಡುಬಿದಿರೆಯ ಜೈನ ಮನೆತನದವರು. ಸೈನ್ಯದ ಸಿಗ್ನಲ್ ವಿಭಾಗದಲ್ಲಿದ್ದು ನಿವೃತ್ತರಾಗಿ, ವಾಮದಪದವಿನ ಎತ್ತರದ ಬಯಲಿನಲ್ಲಿ ಮನೆ ಮಾಡಿಕೊಂಡಿದ್ದರು. ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೋದವರು. ತಮ್ಮದೇ ಯಂತ್ರದಿಂದ ದೂರದೇಶಗಳ ಅಪರಿಚಿತರೊಡನೆ ಮಾತಾಡುವುದು ಅವರ ಆಸೆ. ಅಡಿಕೆ ಮರಕ್ಕೆ ಕಟ್ಟಿದ ತಂತಿ ಸಾಲದೆಂದು ಕಬ್ಬಿಣದ ಗೋಪುರ ನಿಲ್ಲಿಸಲು ಹೊರಟಿದ್ದರು. ಅಂಥ ಬಯಲು ಪದವಿನ ಮೇಲೆ ಮಳೆಗಾಲದ ಗಾಳಿ ಸಣ್ಣದಲ್ಲ. ಗಾಳಿಯ ಒತ್ತಡದ ಲೆಕ್ಕವನ್ನು ನೆರೆಮನೆಯವನಾದ ನಾನೂ ಅವರೂ ಕೂತು ಮಾಡಿದೆವು. ಅಂಥ ಗೋಪುರವನ್ನು ಬೀಳದಂತೆ ಹಿಡಿಯುವುದು ನೆಲದೊಳಗಿನ ಭಾರ. ಆಳುದ್ದಕ್ಕಿಂತ ಹೆಚ್ಚು ಆಳದ ಹೊಂಡ, ಅದರಲ್ಲಿ ಗೋಪುರದ ನಾಲ್ಕು ಕಾಲು, ಕಾಲುಗಳಿಗೆ ಅಡ್ಡಡ್ಡ ಕಟ್ಟಿದ ಸರಳು, ತುಂಬ ಕಾಂಕ್ರೀಟ್.

ಎದೆಮಟ್ಟದವರೆಗೆ ಒಳ್ಳೆಯ ಗಟ್ಟಿ ಮುರಕಲ್ಲು, ಎಂದರೆ ಕೆಂಪು ಜಂಬಿಟ್ಟಿಗೆ, ಬಂತು. ಅದರ ಕೆಳಗೆ ಬಿಳಿ ಬೆರೆತ ಜೇಡಿಮಣ್ಣು, ಒತ್ತಿದರೆ ಬೆರಳಿನ ಗುರುತು ಉಳಿಯುವಂಥದ್ದು. ಗೋಡೆಗಳಿಗೆ ಹಲಗೆ ಕೊಟ್ಟು ನಿಲ್ಲಿಸುವ ಮಾತು ಬಂತು. ಮೇಲಿನ ಕಲ್ಲು ಗಟ್ಟಿ ಇದೆ, ಮಳೆ ಬರುವುದರೊಳಗೆ ಬೇಗ ತುಂಬಿಸಿಬಿಟ್ಟರೆ ಸಾಕು ಎಂದು ಎಲ್ಲರೂ ಒಪ್ಪಿದೆವು. ಡೊಂಬಯ್ಯನೂ ಒಪ್ಪಿದ. ಬಾವಿ ತೋಡುವವರೆಲ್ಲ ಮುರಕಲ್ಲನ್ನು ಹಾಗೆಯೇ ನಂಬುತ್ತಾರೆ. ಬಾವಿಯ ದಡದಲ್ಲಿ ಜಲ್ಲಿ ರಾಶಿಯ ಭಾರ ಇರುವುದಿಲ್ಲ, ಇಲ್ಲಿ ಇರುತ್ತದೆ ಎಂಬುದು ಆಗ ಯಾರ ತಲೆಗೂ ಹೊಳೆಯಲಿಲ್ಲ.

ಕಾಂಕ್ರೀಟಿನ ದಿನ ಬಂಟ್ವಾಳದಿಂದ ಬಾವಾ ಮೇಸ್ತ್ರಿ ತನ್ನ ಆಳುಗಳೊಡನೆ ಬಂದ. ಹಿಂದಿನ ಸಂಜೆ ಗುಡುಗಿನೊಡನೆ ಒಂದು ಮಳೆ ಬಿದ್ದಿತ್ತು. ಬುಟ್ಟಿ ತುಂಬಲು ಅನುಕೂಲವಾಗಲೆಂದು ಜಲ್ಲಿ, ಮರಳು, ಕಲಸುವ ತಗಡು ಎಲ್ಲವನ್ನೂ ಹೊಂಡದ ಒಂದೇ ಬದಿಗೆ ತಂದಿದ್ದರು. ಸೇಸಮ್ಮ ಗಂಟು ಹಾಕುವುದನ್ನು ನೋಡಿ ಬಾವಾ ಸುಮ್ಮನಿರಲಿಲ್ಲ.

“ಸೇಸಕ್ಕ, ಕಟ್ಟು ಗಟ್ಟಿ ಉಂಟಲ್ಲ? ಹೋರಿ ಹಗ್ಗ ಹರಿದು ಓಡಿದರೆ ನನ್ನ ಸಿಮೆಂಟು ಹಾಳಾಗ್ತದೆ.”

“ನಿಮ್ಮನ್ನು ಕಟ್ಟಿ ಹಾಕುವವರು ಇಲ್ಲದ್ದಕ್ಕೆ ನೀವು ಇಷ್ಟು ಮಾತಾಡುವುದು, ಮೇಸ್ತ್ರಿ,” ಎಂದಳು ಸೇಸಮ್ಮ. ಆಳುಗಳು ನಕ್ಕರು. ಡೊಂಬಯ್ಯ ನಗಲಿಲ್ಲ. ಅವನು ಇಳಿದ ಮೇಲೆ, ಬುಟ್ಟಿಗಳಿಗೆ ಅಡ್ಡವಾಗುತ್ತದೆಂದು ಏಣಿಯನ್ನು ಮೇಲಕ್ಕೆ ಎಳೆದುಕೊಂಡರು.

ಕಾಂಕ್ರೀಟನ್ನು ಮೇಲಿನಿಂದ ಸುರಿಯಬಾರದು, ಜಲ್ಲಿ ಬೇರೆ, ಗಾರೆ ಬೇರೆಯಾಗುತ್ತದೆ ಎಂದು ಪದ್ಮಯ್ಯನವರು ಹೇಳಿದ್ದರು. ಆದ್ದರಿಂದ ಬುಟ್ಟಿಗಳನ್ನು ಹಗ್ಗದಲ್ಲಿ ಇಳಿಸುತ್ತಿದ್ದರು. ಡೊಂಬಯ್ಯ ಬುಟ್ಟಿ ಮಗುಚಿ, ಒಳಗೆ ಟೊಳ್ಳು ಉಳಿಯದಂತೆ ಸರಳಿನಿಂದ ಕುತ್ತುತ್ತಿದ್ದ. ಗೋಪುರದ ಕಾಲುಗಳ ನಡುವೆ ನುಸುಳಿ ಒಂದು ಸುತ್ತು, ಹೊರಗಿನಿಂದ ಇನ್ನೊಂದು ಸುತ್ತು. ಬಾವಿಯಲ್ಲಿ ಅವನ ಹಗ್ಗಕ್ಕೆ ತೊಡರಲು ಏನೂ ಇರುತ್ತಿರಲಿಲ್ಲ. ಇಲ್ಲಿ ಅದು ಅವನ ಹಿಂದೆಯೇ ಸುತ್ತಿತು. ಅದರ ಮೇಲೆ ಬುಟ್ಟಿಯ ನಂತರ ಬುಟ್ಟಿ ಬಿತ್ತು. ಕಾಂಕ್ರೀಟು ಅವನ ಮೊಣಕಾಲಿಗೆ ಬಂದಿತ್ತು.

ಸೇಸಮ್ಮ ಹಗ್ಗ ಜಗ್ಗಿದಳು. ಉತ್ತರ ಬರಲಿಲ್ಲ. ಮತ್ತೆ ಜಗ್ಗಿದಳು. ಹಗ್ಗ ಮೇಲೂ ಬರಲಿಲ್ಲ, ಕೆಳಗೂ ಹೋಗಲಿಲ್ಲ. ಅವಳು ನನ್ನ ಕಡೆ ನೋಡಿದಳು. ನಾನು ಬಗ್ಗಿ ನೋಡಿದೆ. ಡೊಂಬಯ್ಯ ಬೆನ್ನು ಹಾಕಿ ಕುತ್ತುತ್ತಲೇ ಇದ್ದ. ಏನೂ ಆಗಿಲ್ಲವೆಂದು ಕೈಸನ್ನೆ ಮಾಡಿದೆ. ಅವಳಿಗೆ ಅದು ಸಾಲಲಿಲ್ಲ. ಅವಳು ನಂಬುತ್ತಿದ್ದದ್ದು ಹಗ್ಗವನ್ನು, ಹಗ್ಗ ಸತ್ತಂತಿತ್ತು.

ತಲೆಯೆತ್ತುವಾಗ ನೆಲ ನನ್ನ ಕಣ್ಣಿಗೆ ಬಿತ್ತು. ಜಲ್ಲಿ ರಾಶಿಯ ಬದಿಯಲ್ಲಿ, ಹೊಂಡದ ಅಂಚಿನಿಂದ ಒಂದು ಮಾರು ಹಿಂದೆ, ನೂಲಿನಂಥ ಬಿರುಕು. ನಾನು ನೋಡುತ್ತಿದ್ದಂತೆ ಅದರೊಳಗೆ ಮರಳು ಇಳಿಯತೊಡಗಿತು. ಬಾವಾನೂ ಅದನ್ನು ಕಂಡ. ಅವನು ಕೂಗಲಿಲ್ಲ. ಎರಡೂ ಕೈ ಎತ್ತಿ ಆಳುಗಳನ್ನು ಇದ್ದಲ್ಲೇ ನಿಲ್ಲಿಸಿದ. ಒಬ್ಬೊಬ್ಬರಾಗಿ ಹಿಂದೆ ಸರಿಯಿರಿ, ಓಡಬೇಡಿ, ಎಂದು ಪಿಸುಗುಟ್ಟಿದ.

ಕೆಳಗೆ ಡೊಂಬಯ್ಯನ ಭುಜದ ಮೇಲೆ ಜೇಡಿಯ ಹೆಂಟೆಯೊಂದು ಬಿತ್ತು. ಅವನಿಗೆ ತಿಳಿಯಿತು. ಎದುರು ಬದಿಗೆ ದಾಟಲು ಕಾಲು ಕಿತ್ತ. ಹಗ್ಗ ಅವನನ್ನು ಹಿಂದಕ್ಕೆ ಎಳೆಯಿತು. ಕಂಬಕ್ಕೆ ಎರಡು ಸುತ್ತು ಬಂದ ಹಗ್ಗವನ್ನು ತುದಿ ಹಿಡಿದು ಎಳೆದರೆ ಅದು ಇನ್ನಷ್ಟು ಬಿಗಿಯುತ್ತದೆ. ಅವನು ಎಳೆದಷ್ಟೂ ಅದೇ ಆಯಿತು. ಕೈ ಬೆನ್ನಿನ ಹಿಂದೆ ಹೋಯಿತು. ನೀರು ಕುಡಿದ ನಾರಿನ ಗಂಟು ಕಲ್ಲಾಗಿತ್ತು. ಅವನು ನಿಂತಿದ್ದದ್ದು ಬಿರುಕಿನ ಗೋಡೆಯ ಬುಡದಲ್ಲಿ.

ಏಣಿ ಇಳಿಸಲು ಜಾಗವಿದ್ದದ್ದು ಆ ಬದಿಯಲ್ಲೊಂದೇ. ಅಲ್ಲಿ ಕಾಲಿಡುವಂತಿರಲಿಲ್ಲ. ಪದ್ಮಯ್ಯನವರು ಎದುರು ಬದಿಯಿಂದ ಬುಟ್ಟಿಯೊಂದರಲ್ಲಿ ಕತ್ತಿ ಇಟ್ಟು, ಅವನ ಕೈಗೆ ನಿಲುಕುವಂತೆ ಇಳಿಸಿದರು. ಬುಟ್ಟಿ ಸರಳುಗಳಿಗೆ ಬಡಿಯುತ್ತ ಇಳಿಯಿತು. ಡೊಂಬಯ್ಯ ಕತ್ತಿ ತೆಗೆದುಕೊಂಡ. ಆದರೆ ಕಡಿಯಲಿಲ್ಲ. ಕತ್ತಿ ಹಿಡಿದ ಕೈಯಲ್ಲೇ ಹಗ್ಗವನ್ನು ಎದೆಗೆ ಒತ್ತಿಕೊಂಡು ನಿಂತುಬಿಟ್ಟ.

“ಹಗ್ಗ ಇಲ್ಲದೆ ನನ್ನಿಂದ ಆಗುವುದಿಲ್ಲ ಧಣಿ,” ಎಂದ. ದನಿ ಮಗುವಿನದ್ದಾಗಿತ್ತು.

ಅಂಚಿನ ಮುರಕಲ್ಲೊಂದು ಒಳಮುಖವಾಗಿ ವಾಲಿತು. ಅವನನ್ನು ಕರೆಯಲು ನಮಗೆ ಯಾರಿಗೂ ಬಾಯಿ ಬರಲಿಲ್ಲ. ನೋಣಯ್ಯನ ಕಥೆ ಎಲ್ಲರಿಗೂ ಗೊತ್ತಿತ್ತು. ಆಗ ಸೇಸಮ್ಮ ಕೈಯಲ್ಲಿದ್ದ ಹಗ್ಗವನ್ನು ನೆಲಕ್ಕೆ ಹಾಕಿದಳು. ಎದುರು ದಡಕ್ಕೆ ಬಂದು ಮೊಣಕಾಲೂರಿದಳು.

“ಡೊಂಬಯ್ಯ,” ಎಂದಳು.

ಮದುವೆಯಾದ ಮೇಲೆ ಅವಳ ಬಾಯಲ್ಲಿ ಆ ಹೆಸರು ಬಂದಿರಲಿಲ್ಲ. ಅವನು ತಲೆಯೆತ್ತಿದ.

“ಹಗ್ಗ ನಾನು ಬಿಟ್ಟಿದ್ದೇನೆ. ಮೇಲೆ ಯಾರೂ ಹಿಡಿದಿಲ್ಲ. ಕಡಿ.”

ಅವಳು ಎರಡೂ ಬರಿಗೈ ಎತ್ತಿ ತೋರಿಸಿದಳು. ಅವನು ಅವನ್ನು ನೋಡಿದ. ಆಮೇಲೆ ಕಡಿದ. ಮೊದಲ ಏಟಿಗೆ ತುಂಡಾಗಲಿಲ್ಲ, ನಾರು ಒದ್ದೆಯಾಗಿತ್ತು. ಡೊಂಬಯ್ಯ, ಡೊಂಬಯ್ಯ, ಎಂದು ಅವಳು ಹೇಳುತ್ತಲೇ ಇದ್ದಳು, ಜೋರಾಗಿ ಅಲ್ಲ, ಮಗುವನ್ನು ಮಲಗಿಸುವಷ್ಟು ದನಿಯಲ್ಲಿ. ಹಗ್ಗ ತುಂಡಾಯಿತು. ಅವನು ಕತ್ತಿ ಬಿಸಾಡಿ, ಅಡ್ಡಸರಳುಗಳ ಮೇಲೆ ಕಾಲಿಟ್ಟು, ಗೋಪುರದ ಕಾಲು ಹಿಡಿದು ಹತ್ತಿದ. ಪದ್ಮಯ್ಯನವರೂ ನಾನೂ ಅವನ ತೋಳು ಹಿಡಿದು ಎಳೆಯುತ್ತಿದ್ದಾಗ ಹಿಂದೆ ಗೋಡೆ ಕುಸಿಯಿತು. ಶಬ್ದ ದೊಡ್ಡದೇನಲ್ಲ. ಜಲ್ಲಿ ರಾಶಿ ಅರ್ಧ ಒಳಗೆ ಹೋಯಿತು.

ಸೇಸಮ್ಮ ಅವನ ಮೈ ಮುಟ್ಟಿ ನೋಡಲಿಲ್ಲ, ಅಳಲಿಲ್ಲ. ಅವನ ಬೆನ್ನ ಹಿಂದೆ ಕೂತು ಗಂಟು ಬಿಚ್ಚತೊಡಗಿದಳು. ಉಗುರಿಗೆ ಬಗ್ಗದೆ ಕೊನೆಗೆ ಹಲ್ಲಿನಿಂದ ಬಿಚ್ಚಿದಳು. ಬಾವಾ ತನ್ನ ಆಳುಗಳಿಗೆಂದು ತಂದ ಬೆಲ್ಲದಲ್ಲಿ ಒಂದು ಉಂಡೆಯನ್ನೂ ನೀರಿನ ಚೆಂಬನ್ನೂ ಅವರ ನಡುವೆ ಇಟ್ಟು ಆಚೆ ಹೋದ.

ಕೆಲಸ ಬಿಡುವ, ಬೇರೆ ಜಾಗ ನೋಡುವ ಎಂದರು ಪದ್ಮಯ್ಯನವರು. ಡೊಂಬಯ್ಯ ಒಪ್ಪಲಿಲ್ಲ. ಈ ಹೊಂಡ ಬಿಟ್ಟರೆ ಇನ್ನು ಯಾವ ಹೊಂಡಕ್ಕೂ ತಾನು ಇಳಿಯುವುದಿಲ್ಲ, ಅದು ತನಗೆ ಗೊತ್ತುಂಟು ಎಂದ. ಜಲ್ಲಿಯನ್ನು ದೂರ ಸಾಗಿಸಿದೆವು. ಕುಸಿದ ಬದಿಯನ್ನು ಮೆಟ್ಟಿಲುಗಳಾಗಿ ಕಡಿದು ಅಗಲ ಮಾಡಿದೆವು, ಗೋಡೆಗಳಿಗೆ ಹಲಗೆ ಕೊಟ್ಟೆವು. ಅವನು ಮತ್ತೆ ಇಳಿದ ದಿನ ಗಂಜಿಯನ್ನು ಮುಟ್ಟಲೂ ಇಲ್ಲ. ಈ ಸಲ ಗಂಟು ಹೊಟ್ಟೆಯ ಮೇಲಿತ್ತು, ಸೊಂಟದಲ್ಲಿ ಚಿಕ್ಕ ಕತ್ತಿ ಇತ್ತು. ದಡದಲ್ಲಿ ಕೂತ ಸೇಸಮ್ಮ ಮಾತಾಡುತ್ತಿದ್ದಳು. ಕೋಳಿ ಮರಿ ಮಾಡಿದ್ದು, ತಮ್ಮನ ಮನೆಯ ಜಗಳ, ಸಂಜೆಗೆ ಮೀನು ಸಿಕ್ಕಿದರೆ ಏನು ಮಾಡುವುದು. ಹೊಂಡ ತುಂಬುವವರೆಗೆ ಅವಳ ಬಾಯಿ ನಿಲ್ಲಲಿಲ್ಲ. ಕೆಳಗಿನಿಂದ “ಹೂಂ” ಕೇಳುತ್ತಿತ್ತು.

ಗೋಪುರ ಎದ್ದಿತು. ಅದರಡಿಯ ಕಾಂಕ್ರೀಟಿನೊಳಗೆ ಅವನ ಹಗ್ಗದ ಒಂದು ತುಂಡು ಇದೆ. ರೇಡಿಯೋ ಕೇಳಲು ಬನ್ನಿ ಎಂದು ಪದ್ಮಯ್ಯನವರು ಇಬ್ಬರನ್ನೂ ಕರೆದಾಗ ಡೊಂಬಯ್ಯ ಗೋಪುರದ ಕೆಳಗೆ ಬರಲು ಹೆದರಿ ಅಂಗಳದ ಆಚೆಯೇ ನಿಂತ. ಸೇಸಮ್ಮ ಒಳಗೆ ಬಂದಳು. ಪದ್ಮಯ್ಯನವರು ಒಂದೇ ಮಾತನ್ನು ಮತ್ತೆ ಮತ್ತೆ ಯಂತ್ರಕ್ಕೆ ಹೇಳುತ್ತಿದ್ದುದನ್ನು ಕೇಳಿ, ಆಚೆಯವರಿಗೆ ಕಿವಿ ಕೇಳುವುದಿಲ್ಲವೇ ಎಂದು ನನ್ನನ್ನು ವಿಚಾರಿಸಿದಳು. ಕೇಳುವವರೆಗೆ ಕರೆಯುತ್ತಿರಬೇಕು ಎಂದೆ. ಅವಳು ತಲೆಯಾಡಿಸಿ, ಹೊರಗೆ ನಿಂತ ಗಂಡನನ್ನು ಒಮ್ಮೆ ನೋಡಿ, ಕೂತು ಕೇಳಿದಳು.

ಆಮೇಲೂ ಅವನು ಎಷ್ಟೋ ಬಾವಿಗಳನ್ನು ತೋಡಿದ, ಎಲ್ಲಕ್ಕೂ ಹೆದರುತ್ತಲೇ ಇಳಿದ. ಬೆಳ್ತಂಗಡಿ ಕಡೆಯ ತೋಟಗಳಲ್ಲಿ ಎಲ್ಲೋ ಒಬ್ಬ ಹೆಂಗಸು ಒಬ್ಬಳೇ ಕೂತು ಮಾತಾಡುತ್ತಿರುವುದು ಕೇಳಿದರೆ, ಅಲ್ಲಿ ಬಾವಿ ತೋಡುತ್ತಿದ್ದಾರೆಂದು ದಾರಿಹೋಕರಿಗೆ ತಿಳಿಯುತ್ತಿತ್ತು.