ಒಂಟಿ ಸೀನಿನ ಮೇಷ್ಟ್ರು

ಮೊದಲ ಸೀನು ಬಂದದ್ದು ಏಳನೇ ತರಗತಿಗೆ ಸಂಧಿ ಪಾಠ ಮಾಡುತ್ತಿದ್ದಾಗ. ಇಪ್ಪತ್ತೆರಡನೆಯದು ಬರುವಷ್ಟರಲ್ಲಿ ಪೀರಿಯಡ್ಡೇ ಮುಗಿದಿತ್ತು. ಮಕ್ಕಳು ಶ್ರದ್ಧೆಯಿಂದ ಎಣಿಸಿದ್ದರು. ಆ ಶ್ರದ್ಧೆಯನ್ನು ಅವರು ಮಗ್ಗಿಗೂ ತೋರಿಸಿದವರಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ರಾವಂದೂರಿನ ಸುತ್ತ ಹೊಗೆಸೊಪ್ಪು ಬೇಯಿಸುವ ತಿಂಗಳುಗಳು. ನಮ್ಮ ಮನೆಯ ಹಿಂದೆಯೇ ಭಾವಮೈದುನನ ಬ್ಯಾರನ್ನು, ಸೊಪ್ಪು ಬೇಯಿಸುವ ಎತ್ತರದ ಮನೆ. ಎಲೆ ಬಣ್ಣಕ್ಕೆ ತಿರುಗುವಾಗ ಬರುತ್ತಿದ್ದ ಆ ಬೆಚ್ಚನೆಯ, ಪಾಕ ಕಾಯಿಸಿದಂಥ ವಾಸನೆ ಈಗಲೂ ಬಸ್ಸಿನ ಕಿಟಕಿಯಲ್ಲಿ ಸಿಕ್ಕರೆ ನನಗೆ ಮತ್ತೆ ನಲವತ್ತೈದಾಗಿಬಿಡುತ್ತದೆ. ಮೂಗಿಗೆ ಮಾತ್ರ ಈ ಹಂಬಲವಿಲ್ಲ.

ಮೈಸೂರಿನ ಇ.ಎನ್.ಟಿ. ಡಾಕ್ಟರು 'ಅಲರ್ಜಿಕ್ ರೈನೈಟಿಸ್' ಎಂದರು. ಸಣ್ಣ ಹೆಮ್ಮೆಯಾಯಿತು. ನಮ್ಮ ವಂಶದಲ್ಲಿ ಇಷ್ಟುದ್ದದ ಹೆಸರಿನ ಕಾಯಿಲೆ ಯಾರಿಗೂ ಬಂದಿರಲಿಲ್ಲ.

ನಮ್ಮ ಕಡೆ ಶುಭಕಾರ್ಯದಲ್ಲಿ ಒಂದೇ ಸೀನು ಬಂದರೆ ಅಪಶಕುನ. ಎರಡು ಬಂದರೆ ಅಡ್ಡಿಯಿಲ್ಲ. ಎಂಥ ಆತುರದವರೂ ಎರಡನೆಯದಕ್ಕಾಗಿ ನನ್ನ ಮುಖ ನೋಡುತ್ತ ಕಾಯುತ್ತಿದ್ದರು. ಸಾಲದ್ದಕ್ಕೆ, ಕಂಠ ಚೆನ್ನಾಗಿದೆಯೆಂದು ಸುತ್ತಿನ ನಿಶ್ಚಿತಾರ್ಥಗಳಲ್ಲೆಲ್ಲ ಲಗ್ನಪತ್ರಿಕೆ ಓದುವ ಪಟ್ಟ ನನ್ನದೇ ಆಗಿತ್ತು.

ಪಿರಿಯಾಪಟ್ಟಣದ ಒಂದು ಮನೆ. ತಾಂಬೂಲದ ತಟ್ಟೆ ಸಿದ್ಧವಿತ್ತು. 'ಚಿರಂಜೀವಿ ಸೌಭಾಗ್ಯವತಿ' ಎಂದೆ. ಸೀನಿದೆ. ಒಂದೇ. ಎಲ್ಲರೂ ಕಾದರು. ಇನ್ನೊಂದು ಬರಲೆಂದು ನಾನು ಅಂಗಳಕ್ಕೆ ಹೋಗಿ ಸೂರ್ಯನನ್ನು ದಿಟ್ಟಿಸಿದೆ. ಉಹುಂ. ಗಂಡಿನ ಕಡೆಯ ಹಿರಿಯರು ಶಲ್ಯ ಕೊಡವಿ ಎದ್ದರು.

ಆ ಸಂಬಂಧ ಮುರಿದುಬಿತ್ತು.

ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ಹುಡುಗಿಗೆ ಮರುವರ್ಷ ಬೇರೆ ಕಡೆ ಮದುವೆಯಾಯಿತು. ನನಗೆ ಮಾತ್ರ ಆಮಂತ್ರಣ ಪತ್ರಿಕೆ ಕಂಡರೆ ಎದೆ ಹೊಡೆದುಕೊಳ್ಳತೊಡಗಿತು. ಎಲ್ಲಾದರೂ ಕರೆದರೆ ನೆಗಡಿ ಎಂದು ಹೇಳಿಕಳಿಸುತ್ತಿದ್ದೆ. ಸೀನಬಾರದು ಎಂದುಕೊಂಡ ಕ್ಷಣವೇ ಮೂಗು ತುರಿಸುತ್ತಿತ್ತು. ಸಂಕ್ರಾಂತಿ ಕಳೆದು ಬ್ಯಾರನ್ನುಗಳೆಲ್ಲ ತಣ್ಣಗಾದ ಮೇಲೂ ಸೀನು ನಿಲ್ಲಲಿಲ್ಲ. ನಿದ್ದೆ ಹೋಯಿತು. ಊಟ ಸೇರದಾಯಿತು. ಶಾಲೆಯ ಪ್ರಾರ್ಥನೆಯಲ್ಲೂ ಕಂಬದ ಹಿಂದೆ ನಿಲ್ಲುತ್ತಿದ್ದೆ.

ಹೀಗಿರುವಾಗ ಮಗಳಿಗೆ ಅಂತರಸಂತೆಯ ಕಡೆ ಗಂಡು ಗೊತ್ತಾಯಿತು. ನಿಶ್ಚಿತಾರ್ಥಕ್ಕೆ ಭಾವಮೈದುನನೇ ಕೂರಲಿ, ನಾನು ಕೃಷ್ಣರಾಜನಗರದ ಅಕ್ಕನ ಮನೆಗೆ ಹೋಗಿರುತ್ತೇನೆ ಎಂದೆ. ಹೆಂಡತಿ ಜಯಮ್ಮ ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟಳು.

"ನಿಮ್ಮ ಮೂಗ್ಗೆ ಎದರ್ಕಂಡು ಮಗಳ ಶಾಸ್ತ್ರಾನ ಅಪ್ಪ ಇಲ್ದೆ ಮಾಡಕ್ಕಾಯ್ತದಾ? ಮೂಗ ಬೇಕಾರೆ ಒಳಗೆ ಮಡಗ್ಬುಟ್ಟು ಬಂದು ಕೂತ್ಕಳಿ."

ಮಾರನೆಯ ದಿನವೇ ಅದೇ ಡಾಕ್ಟರ ಬಳಿ ಕರೆದೊಯ್ದಳು. ಅವರು ಈ ಸಲ ಮೂಗಿಗೆ ಟಾರ್ಚು ಹಾಕಲಿಲ್ಲ.

"ಎಷ್ಟು ದಿನದಿಂದ ಭಯ ಪಡ್ತಿದೀರಿ ಮೇಷ್ಟ್ರೇ?"

ಉತ್ತರ ಹೇಳಲು ಹೋಗಿ ಅತ್ತುಬಿಟ್ಟೆ. ನರೆತ ಮೀಸೆ, ಇಸ್ತ್ರಿ ಮಾಡಿದ ಪಂಚೆ, ಜೇಬಿನಲ್ಲಿ ಕೆಂಪು ಪೆನ್ನು, ಇಷ್ಟೆಲ್ಲ ಇಟ್ಟುಕೊಂಡು ಸ್ಟೂಲಿನ ಮೇಲೆ ಕೂತು ಅತ್ತೆ.

ಅಲರ್ಜಿ ನಿದ್ದೆ ಕೆಡಿಸುತ್ತದೆ, ಕೆಟ್ಟ ನಿದ್ದೆ ಮನಸ್ಸನ್ನು ಕೆಡಿಸುತ್ತದೆ, ಕೆಟ್ಟ ಮನಸ್ಸು ಮತ್ತೆ ಮೂಗನ್ನು ಕೆಣಕುತ್ತದೆ ಎಂದು ವಿವರಿಸಿ, ಸೈಕಿಯಾಟ್ರಿಸ್ಟ್ ಒಬ್ಬರಿಗೆ ಚೀಟಿ ಬರೆದರು. ಅವರು 'ಆಂಗ್ಸೈಟಿ', ಅಂದರೆ ಆತಂಕದ ಕಾಯಿಲೆ ಎಂದರು. ಈ ಹೆಸರಿಗೆ ಹೆಮ್ಮೆಯಾಗಲಿಲ್ಲ. ಅವರು ಕೊಟ್ಟ ಮಾತ್ರೆಯನ್ನು ಟ್ರಂಕಿನಲ್ಲಿ, ಹಳೆಯ ಹಾಜರಿ ಪುಸ್ತಕದೊಳಗೆ ಬಚ್ಚಿಟ್ಟೆ. ಜಯಮ್ಮ ಹುಡುಕಿ ತಂದು, ಮೂಗಿನ ಮಾತ್ರೆಯ ಜೊತೆ ಊಟದ ತಟ್ಟೆಯ ಪಕ್ಕ ಇಟ್ಟಳು.

"ಮೂಗಿಂದೂ ಮನ್ಸಿಂದೂ ಒಂದೇ ಗಂಟ್ಲಲ್ಲಿ ತಾನೆ ಇಳಿಯದು? ನುಂಗಿ."

ನಿಶ್ಚಿತಾರ್ಥದ ದಿನ ಕೂತೆ. ಓದಿದೆ. ನಾಲ್ಕನೇ ಸಾಲಿನಲ್ಲಿ ಸೀನು ಬಂತು.

ಒಂದೇ.

ಚಪ್ಪರದವರೆಲ್ಲ ನನ್ನ ಮುಖ ನೋಡಿದರು. ಮಗಳು ತಲೆ ತಗ್ಗಿಸಿದ್ದಳು. ಗಂಡಿನ ತಂದೆ, ಕಾಡಂಚಿನಲ್ಲಿ ಹೊಲ ಮಾಡಿಕೊಂಡಿದ್ದ ಮನುಷ್ಯ, ಎಲೆಗೆ ಸುಣ್ಣ ಸವರುತ್ತ ತಲೆ ಎತ್ತದೆಯೇ ಹೇಳಿದರು:

"ಮುಂದಕ್ಕೆ ಓದಿ ಬೀಗ್ರೇ. ನಮ್ಮಳ್ಳೀಲಿ ಆನೆ ಅಡ್ಡ ಬಂದ್ರೆ ಮಾತ್ರ ನಿಂತ್ಕತೀವಿ ಕಣ್ರೀ."

ಮುಂದಕ್ಕೆ ಓದಿದೆ.

ಮನಸ್ಸಿನ ಮಾತ್ರೆಯನ್ನು ಒಂದೂವರೆ ವರ್ಷದ ಮೇಲೆ ಡಾಕ್ಟರೇ ಸ್ವಲ್ಪಸ್ವಲ್ಪವಾಗಿ ನಿಲ್ಲಿಸಿದರು. ಮೂಗಿನದು ಇನ್ನೂ ಇದೆ. ಭಯ ಪೂರ್ತಿ ಹೋಗಿದೆ ಎನ್ನಲಾರೆ, ನೆಂಟರ ಹಾಗೆ ಬಂದು ಕೂತು ಹೋಗುತ್ತದೆ. ಆ ಮಾತ್ರೆ ನಿಂತ ವರ್ಷ ಮೂರು ಮನೆಯವರು ಲಗ್ನಪತ್ರಿಕೆ ಓದಲು ಕರೆದರು. ಎರಡಕ್ಕೆ ಹೋದೆ. ಮೂರನೆಯವರಿಗೆ, ಈ ಸಲ ಧೈರ್ಯ ಸಾಲದು ಎಂದು ಹೇಳಿಕಳಿಸಿದೆ. ನೆಗಡಿ ಎನ್ನಲಿಲ್ಲ.