ಗಾಳಿಗೆ ಗೋಡೆ ಕಟ್ಟಿದ ಭಾವನವರು

ನಮ್ಮ ಭಾವನವರ ಹೆಬ್ಬೆರಳಿನಲ್ಲಿ ಗೆರೆಗಳೇ ಉಳಿದಿರಲಿಲ್ಲ. ಅಲ್ಯೂಮಿನಿಯಂ ತಗಡಿನ ಅಂಚನ್ನು ಅರದಿಂದ ಉಜ್ಜುವುದು, ನುಣುಪಾಯಿತೋ ಇಲ್ಲವೋ ಎಂದು ಹೆಬ್ಬೆರಳಲ್ಲಿ ಸವರಿ ನೋಡುವುದು, ಮತ್ತೆ ಉಜ್ಜುವುದು. ಪಿಂಚಣಿಗಾಗಿ ವರ್ಷಕ್ಕೊಮ್ಮೆ ಬದುಕಿದ್ದೇನೆಂದು ಹೆಬ್ಬೆಟ್ಟು ಒತ್ತಲು ಹೋದರೆ ಬ್ಯಾಂಕಿನ ಯಂತ್ರ ಒಪ್ಪುತ್ತಿರಲಿಲ್ಲ. "ಯಂತ್ರಕ್ಕೆ ಅನುಮಾನ ಐತಂತೆ. ನೀನಾದ್ರೂ ಹೇಳವ್ವ, ಉಸಿರಾಡ್ತಿದೀನಾ?" ಎಂದು ಮನೆಗೆ ಬಂದು ನನ್ನನ್ನು ಕೇಳುತ್ತಿದ್ದರು.

ಅವರು ನನ್ನ ಯಜಮಾನರ ಅಣ್ಣ. ವಾಯುಪಡೆಯಲ್ಲಿ ಎಂಜಿನ್ ಕೆಲಸ ಮಾಡಿ ನಿವೃತ್ತರಾಗಿ ಹೊಸದುರ್ಗಕ್ಕೆ ಬಂದವರು, ಮನೆಯ ಹಿಂದಿದ್ದ ಕೊಬ್ಬರಿ ಗೋದಾಮು ತೆರವು ಮಾಡಿಸಿ ಎರಡು ಸೀಟಿನ ವಿಮಾನ ಕಟ್ಟಲು ಕೂತರು. ನನ್ನ ಓರಗಿತ್ತಿ ಅಕ್ಕ ತೀರಿಕೊಂಡ ಮೇಲೆ ಅವರ ಊಟ ನಮ್ಮಲ್ಲೇ. ಮುದ್ದೆ ಆರಿಹೋಗುತ್ತದೆಂದು ಕರೆಯಲು ಹೋದ ನಾನು, ತಗಡಿನ ಇನ್ನೊಂದು ತುದಿ ಹಿಡಿದು ನಿಂತುಬಿಡುತ್ತಿದ್ದೆ.

ಎಲ್ಲಕ್ಕಿಂತ ಹೆಚ್ಚು ಕಾಲ ಹಿಡಿದದ್ದು ಎಂಜಿನ್ನಿನ ಸುತ್ತಲಿನ ತಗಡಿನ ಗೋಡೆಗಳು. ವಿಮಾನದ ಮೂತಿಯ ತೂತುಗಳಿಂದ ನುಗ್ಗಿದ ಗಾಳಿ ನಾಲ್ಕು ಸಿಲಿಂಡರುಗಳ ಸಂದಿನಲ್ಲಿಯೇ ಇಳಿದು ಹೋಗಬೇಕು. ಆಗ ಮಾತ್ರ ಎಂಜಿನ್ ತಣ್ಣಗಿರುತ್ತದೆ. ಗೋಡೆಗೂ ಮೇಲಿನ ಮುಚ್ಚಳಕ್ಕೂ ನಡುವೆ ಜಾಗ ಉಳಿಯದಂತೆ ಅಂಚಿನುದ್ದಕ್ಕೂ ರಬ್ಬರ್ ಪಟ್ಟಿ. ಪಟ್ಟಿ ಗಾಳಿ ಬರುವ ಕಡೆಗೇ ಬಾಗಿರಬೇಕು. ಆಗ ಗಾಳಿಯೇ ಅದನ್ನು ಮುಚ್ಚಳಕ್ಕೆ ಒತ್ತಿ ಹಿಡಿಯುತ್ತದೆ.

"ಗಾಳಿ ಭಾಳ ಸೋಮಾರಿ ಕಣವ್ವ. ಸಂದು ಸಿಕ್ರೆ ಅದ್ರಾಗೇ ನುಸುಳ್ತೈತೆ. ಕೆಲಸ ಮಾಡಿಸ್ಬೇಕು ಅಂದ್ರೆ ಬ್ಯಾರೆ ದಾರಿ ಇಲ್ದಂಗೆ ಮಾಡ್ಬೇಕು."

"ನಿಮ್ಮ ತಮ್ಮಂಗೂ ಇಂಥದ್ದೊಂದು ಗೋಡೆ ಮಾಡಿಕೊಡ್ರಿ ಭಾವ," ಎಂದೆ. ಅವರು ನಕ್ಕ ರಭಸಕ್ಕೆ ಹಿಡಿದಿದ್ದ ಪಟ್ಟಿ ಜಾರಿತು.

ತಗಡಿಗೆ ಕತ್ತರಿ ಹಾಕುವ ಮೊದಲು ಪ್ರತಿ ತುಂಡನ್ನೂ ರಟ್ಟಿನಲ್ಲಿ ಕತ್ತರಿಸಿ ಕೂರಿಸಿ ನೋಡುತ್ತಿದ್ದರು. ನನ್ನ ಸೀರೆ ಡಬ್ಬಿಗಳೆಲ್ಲ ಹಾಗೆಯೇ ಮುಗಿದವು. ರವಿಕೆ ಕತ್ತರಿಸಿ ರೂಢಿಯಿದ್ದ ನನಗೆ ಆ ಕೆಲಸ ಬೇಗ ಹತ್ತಿತು.

ಎದೆಗೆ ಸ್ಟೆಂಟ್ ಹಾಕಿಸಿಕೊಂಡಿದ್ದರಿಂದ ಭಾವನವರು ತಾವೇ ಹಾರಿಸುವಂತಿರಲಿಲ್ಲ. ಹಾರಿಸಬೇಕಾದವರು ಬಾಗೂರಿನ ಸ್ನೇಹಿತರೊಬ್ಬರು. ಭಾವನವರ ಜೊತೆ ಶಾಲೆ ಕಲಿತು ಪೈಲಟ್ ಆಗಿದ್ದವರು. ಹಾರಿಸಲು ಬೇಕಾದ ಅವರ ವೈದ್ಯಕೀಯ ಅರ್ಹತಾಪತ್ರದ ಅವಧಿ ಆ ವರ್ಷದ ಕೊನೆಗೆ ಮುಗಿಯುತ್ತಿತ್ತು. ಕಣ್ಣು ಮಂಜಾಗುತ್ತಿದ್ದುದರಿಂದ ಮತ್ತೆ ಸಿಗುವ ನಂಬಿಕೆ ಅವರಿಗಿರಲಿಲ್ಲ. "ನಾನು ಕಟ್ಟಿದ್ರಾಗೆ ಇವನ ಪಕ್ಕ ಒಂದ್ಸಲ ಕುಂತ್ರೆ ಸಾಕು," ಎನ್ನುವುದಷ್ಟೇ ಭಾವನವರ ಆಸೆ.

ಆಯುಧಪೂಜೆಯವರೆಗೂ ಎಂಜಿನ್ ಸರಿಯಾಗಿಯೇ ಓಡಿತ್ತು. ಪೂಜೆ ಮುಗಿಸಿ ಸ್ನೇಹಿತರನ್ನು ಸೀಟಿನಲ್ಲಿ ಕೂರಿಸಿ ಅಂಗಳದಲ್ಲಿ ಚಾಲೂ ಮಾಡಿದಾಗ, ಹಿಂದಿನ ಎಡಗಡೆಯ ಸಿಲಿಂಡರಿನ ಬಿಸಿ ತೋರಿಸುವ ಮುಳ್ಳು ಏರುತ್ತಲೇ ಹೋಯಿತು. ಸ್ನೇಹಿತರು ಕೆಳಗಿಳಿದರು.

"ಇದು ಇಳಿಯೋವರೆಗೂ ನಾನು ಹತ್ತಲ್ಲ ಕಣಲೇ."

"ಹತ್ತಬ್ಯಾಡ. ಹತ್ತಿದ್ರೆ ನಾನೇ ಕಾಲು ಹಿಡಿದು ಎಳೀತೀನಿ," ಎಂದರು ಭಾವನವರು.

ಮರುದಿನ ಮಧ್ಯಾಹ್ನ ಗೋದಾಮಿನ ಬಾಗಿಲು, ಕಿಟಕಿ ಎಲ್ಲ ಮುಚ್ಚಿದೆವು. ಮುಚ್ಚಳದೊಳಕ್ಕೆ, ಗೋಡೆಯ ಹಿಂದುಗಡೆ ಒಂದು ಬಲ್ಬು ಇಳಿಬಿಟ್ಟು, ಮುಂದಿನ ತೂತಿನಿಂದ ನೋಡಲು ನನಗೆ ಹೇಳಿದರು. ಬೆಳಕು ಎಲ್ಲಿ ಕಾಣುತ್ತದೋ ಗಾಳಿ ಅಲ್ಲಿ ತಪ್ಪಿಸಿಕೊಳ್ಳುತ್ತಿದೆ ಎಂದರ್ಥ. ಎಡಮೂಲೆಯಲ್ಲಿ ಬೆರಳು ಹೋಗುವಷ್ಟು ಬೆಳಕಿತ್ತು.

ಮುಚ್ಚಳ ಬಿಚ್ಚಿದರೆ ಅಲ್ಲೊಂದು ಸೇವಂತಿಗೆ. ಬಾಡಿದ ಹೂವಿನ ತೊಟ್ಟು ರಬ್ಬರ್ ಪಟ್ಟಿಯನ್ನು ಹಿಂದಕ್ಕೆ ಮಡಚಿ ಹಿಡಿದಿತ್ತು.

ಭಾವನವರು ಅದನ್ನು ಬಿಡಿಸಿ ಅಂಗೈಯಲ್ಲಿಟ್ಟುಕೊಂಡರು. ಸುತ್ತಿಗೆಗೂ ಹೂ, ಅರಕ್ಕೂ ಹೂ ಇಟ್ಟವರು, ಸಿಲಿಂಡರುಗಳಿಗೆ ಮಾತ್ರ ಬೇಡವೇ ಎಂದು ಮುಚ್ಚಳ ಹಾಕುವ ಮುಂಚೆ ತಾವೇ ಒಂದೊಂದು ಸಿಕ್ಕಿಸಿದ್ದರಂತೆ. ಪಟ್ಟಿ ಸಡಿಲವಾಗಿತ್ತು, ಸರಿಮಾಡಿದೆ ಎಂದು ಸ್ನೇಹಿತರಿಗೆ ಹೇಳಿ ಮುಗಿಸಬಹುದಿತ್ತು. ಆದರೆ ಅಲ್ಲೇ ಫೋನ್ ಹಚ್ಚಿ, "ತಪ್ಪು ನಂದು. ಒಳಗೆ ಹೂ ಇಟ್ಟಿದ್ದೆ," ಎಂದರು.

ಆ ಕಡೆಯಿಂದ ಬಂದ ಬೈಗುಳ ನನಗೂ ಕೇಳಿಸಿತು. ಬೈದು ಮುಗಿಸಿದ ಮೇಲೆ ಸ್ನೇಹಿತರು, "ನೀನು ಹೇಳಿದ್ದಕ್ಕೆ ಹತ್ತೀನಿ. ಮುಚ್ಚಿಟ್ಟಿದ್ರೆ ಹತ್ತುತಿರ್ಲಿಲ್ಲ," ಎಂದರು.

ಉಳಿದ ಹೂಗಳನ್ನೂ ತೆಗೆದು, ಮಡಚಿದ್ದ ಪಟ್ಟಿ ಬದಲಿಸಿದೆವು. ಮುಳ್ಳು ಇಳಿಯಿತು. ಪರವಾನಗಿ ಕೈಗೆ ಬಂದ ಮೇಲೆ ರೆಕ್ಕೆ ಬಿಚ್ಚಿ, ತೆಂಗಿನಕಾಯಿ ಸಾಗಿಸುವ ಲಾರಿಯಲ್ಲಿ ಹಿರಿಯೂರಿನಾಚೆಯ ಖಾಸಗಿ ಹಾರಾಟದ ಮೈದಾನಕ್ಕೆ ಒಯ್ದರು. ಸ್ನೇಹಿತರು ಮೊದಲು ಒಬ್ಬರೇ ಹಲವು ದಿನ ಹಾರಿಸಿದರು. ಡಿಸೆಂಬರಿನ ಒಂದು ಬೆಳಿಗ್ಗೆ ಭಾವನವರನ್ನು ಪಕ್ಕದಲ್ಲಿ ಕೂರಿಸಿಕೊಂಡರು.

ಇಳಿದು ಬಂದವರನ್ನು ನಾನು ಕೇಳಿದೆ, "ಮೇಲಿಂದ ಎಲ್ಲ ಹೆಂಗೆ ಕಾಣ್ತು ಭಾವ?"

"ಎಲ್ಲಿ ನೋಡ್ಲಿ? ಮುಳ್ಳು ನೋಡ್ತಿದ್ದೆ. ನಾಕೂ ಒಂದೇ ತಾಯಿ ಮಕ್ಕಳಂಗೆ ಇದ್ವು."

"ಮೂರು ಸಲ ತೋರಿಸ್ದೆ ಕಣಮ್ಮ, ಕೆರೆ ನೋಡಲೇ ಅಂತ. ಇವನು ತಲೆ ಎತ್ತಲಿಲ್ಲ," ಎಂದರು ಸ್ನೇಹಿತರು.

ಮುಂದಿನ ಬೇಸಿಗೆಯಲ್ಲಿ ಭಾವನವರು ನಿದ್ದೆಯಲ್ಲೇ ಹೋದರು. ವಿಮಾನ ಈಗ ಆ ಮೈದಾನದವರ ಬಳಿ ಇದೆ. ರಬ್ಬರ್ ಗಟ್ಟಿಯಾಗಿ ಅಂಚು ಸೀಳತೊಡಗಿದರೆ ಅವರ ಫೋನ್ ಬರುವುದು ನನಗೆ. ಬುತ್ತಿ ಕಟ್ಟಿಕೊಂಡು ಬೆಳಗಿನ ಬಸ್ಸು ಹತ್ತುತ್ತೇನೆ. ಮೊನ್ನೆ ಅಲ್ಲಿಯ ಹೊಸ ಮೆಕ್ಯಾನಿಕ್ ಕೇಳಿದರು, "ಅಮ್ಮ, ಇದನ್ನ ಎಲ್ಲಿ ಕಲಿತ್ರಿ?"

"ನಮ್ಮ ಭಾವನವರ ಹತ್ರ," ಎಂದೆ. "ಆ ತುದಿ ಹಿಡ್ಕಳ್ರಿ."